ಎಡಗಡೆಯ ಗಂಧ

ಯಾವ ಗುಡಿಗೆ ಹೋದರೂ ನಾನು ಮೊದಲು ನೋಡುವುದು ದೇವರನ್ನಲ್ಲ, ಚಪ್ಪಲಿ ಬಿಡುವ ಜಾಗವನ್ನು. ಬಲಗಾಲಿನದನ್ನು ಒಂದು ಮೂಲೆಗೆ, ಎಡಗಾಲಿನದನ್ನು ಇನ್ನೊಂದು ಮೂಲೆಗೆ ಬಿಟ್ಟರೆ ಕಳ್ಳನಿಗೆ ಜೋಡಿ ಸಿಗುವುದಿಲ್ಲ. ಇದು ನಾನೇ ಕಂಡುಹಿಡಿದ ಉಪಾಯ ಎಂದು ಬಹಳ ವರ್ಷ ಹೆಮ್ಮೆಪಟ್ಟುಕೊಂಡಿದ್ದೆ. ಆಮೇಲೆ ನೋಡಿದರೆ ಅರ್ಧ ಬಳ್ಳಾರಿ ಹಾಗೆಯೇ ಮಾಡುತ್ತಿತ್ತು.

ನನ್ನ ಅನುಮಾನಕ್ಕೆ ಹುಟ್ಟುಗುಣ ಅರ್ಧ ಕಾರಣವಾದರೆ ಕೆಲಸ ಇನ್ನರ್ಧ. ಸೇರು, ಮಣ ಹೋಗಿ ಕಿಲೋ ಬಂದ ಹೊಸತರಲ್ಲಿ, ಅರವತ್ತರ ದಶಕದಲ್ಲಿ, ನಾನು ತೂಕ ಮತ್ತು ಅಳತೆಯ ಇಲಾಖೆಗೆ ಸೇರಿದೆ. ಅಂಗಡಿಯ ತಕ್ಕಡಿ, ರೈಸ್ ಮಿಲ್ಲಿನ ಕಾಟಾ, ಸೀಮೆಎಣ್ಣೆಯ ಅಳತೆ ಡಬ್ಬಿ ಎಲ್ಲವನ್ನೂ ಪರೀಕ್ಷಿಸಿ ಮುದ್ರೆ ಒತ್ತುವುದು ನನ್ನ ಕೆಲಸ. ಕಬ್ಬಿಣದ ತೂಕದ ತಳದಲ್ಲಿ ಸೀಸ ತುಂಬಿದ ತೂತು ಇರುತ್ತದೆ. ಅದನ್ನು ಕೆರೆದು ಹಗುರ ಮಾಡುವವರಿದ್ದರು. ಸಾಮಾನು ಹಾಕುವ ತಟ್ಟೆಯ ತಳಕ್ಕೆ ಲಿಂಬೆಗಾತ್ರದ ಹುಣಸೆಹಣ್ಣು ಅಂಟಿಸುವವರಂತೂ ಊರೂರಿಗೂ ಇದ್ದರು. ಅಂಗಡಿಗೆ ಹೋದೊಡನೆ ನಾನು ಮಾತಾಡದೆ ತಟ್ಟೆಯ ತಳ ಸವರುತ್ತಿದ್ದೆ. ವರ್ಷಗಟ್ಟಲೆ ತಟ್ಟೆಯ ತಳ ಸವರಿದ ಕೈ ಮನೆಗೆ ಬಂದರೂ ಸುಮ್ಮನಿರುವುದಿಲ್ಲ. ಹೆಂಡತಿ ತವರಿಂದ ತಂದ ತುಪ್ಪವನ್ನೂ ಮೂಸಿ ನೋಡಿಯೇ ತಿನ್ನುತ್ತಿದ್ದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ನನ್ನವ್ವ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು.

ಅವ್ವನ ತವರು ಕುರುಗೋಡು. ಅಪ್ಪ ತೀರಿಕೊಂಡ ಮೇಲೆ ಪಾರ್ವತಿನಗರದ ನಮ್ಮ ಬಾಡಿಗೆ ಮನೆಯಲ್ಲಿ ನನ್ನೊಂದಿಗೇ ಇದ್ದಳು. ಆದರೆ ಮನೆಯ ದೊಡ್ಡ ಮಾತೆಲ್ಲ ತೀರ್ಮಾನವಾಗುತ್ತಿದ್ದುದು ಕುರುಗೋಡಿನಲ್ಲೇ. ಊರಿನ ಅಂಚಿನಲ್ಲಿ, ಬಂಡೆಗಳ ಸಂದಿನಲ್ಲಿ ಒಂದು ಸಣ್ಣ ಈಶ್ವರನ ಗುಡಿ ಇತ್ತು. ದೊಡ್ಡ ಗುಡಿಗಳಿಗೆ ಜನ ಕೈ ಮುಗಿಯಲು ಹೋಗುತ್ತಿದ್ದರು, ಇಲ್ಲಿಗೆ ಕೇಳಲು ಬರುತ್ತಿದ್ದರು. ಸೊಂಟದೆತ್ತರದ, ಯಾರೂ ಕಡೆಯದ, ತಾನೇ ಎದ್ದಂತಿದ್ದ ಕಲ್ಲು. ಪೂಜಾರಿ ಅದಕ್ಕೆ ನೀರೆರೆದು, ಬಲಕ್ಕೊಂದು ಎಡಕ್ಕೊಂದು ಕಣಗಿಲೆ ಹೂವನ್ನು ಒದ್ದೆ ಮಾಡಿ ಅಂಟಿಸುತ್ತಿದ್ದ. ಕೇಳುವವರು ಬಂದ ವಿಷಯವನ್ನು ಬಾಯಿಬಿಟ್ಟು ಹೇಳಿ ಕಾಯಬೇಕು. ದೇವರ ಬಲಗಡೆಯ ಹೂ ಮೊದಲು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ನಾನು ಕಾಲೇಜಿಗೆ ಹೋದದ್ದು, ಈ ಕೆಲಸಕ್ಕೆ ಸೇರಿದ್ದು, ಮದುವೆಯಾದದ್ದು ಎಲ್ಲವೂ ಆ ಬಲಗಡೆಯ ಕಣಗಿಲೆಯ ಕೃಪೆ. ನನ್ನ ಪರೀಕ್ಷೆಯ ಅಂಕಗಳಿಗೆ ಮನೆಯಲ್ಲಿ ಅಷ್ಟು ಬೆಲೆ ಇರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಅವ್ವನ ಎದೆಯಲ್ಲಿ ಗಂಟು ಕಾಣಿಸಿತು. ಕಾಣಿಸಿತು ಎಂದರೆ, ಅವಳು ಎಷ್ಟು ತಿಂಗಳಿಂದ ಮುಚ್ಚಿಟ್ಟಿದ್ದಳೋ, ಬೆನ್ನು ಉಜ್ಜಲು ಹೋದ ನನ್ನ ಹೆಂಡತಿಯ ಕೈಗೆ ಸಿಕ್ಕಿತು. ಮಾರನೇ ದಿನವೇ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನಾನು ಹೊರಗಿನ ಬೆಂಚಿನ ಮೇಲೆ ಪೇಪರ್ ಹಿಡಿದು ಕೂತೆ. ಸ್ವಲ್ಪ ಹೊತ್ತಿಗೆ ಹೆಂಡತಿಯನ್ನೂ ಹೊರಗೆ ಕಳಿಸಿದರು. ಅವ್ವ ಹೊರಬಂದಾಗ ಸೆರಗನ್ನು ಎರಡೂ ಹೆಗಲ ಮೇಲೆ ಬಿಗಿಯಾಗಿ ಹೊದ್ದಿದ್ದಳು. ಡಾಕ್ಟರು ನನ್ನನ್ನು ಕರೆದು, ಒಂದು ತಿಂಗಳೊಳಗೆ ಕತ್ತರಿಸಿ ತೆಗೆಯಬೇಕು, ತಡ ಮಾಡಿದರೆ ನಾನು ಜವಾಬ್ದಾರನಲ್ಲ ಎಂದರು. ನಾನು ಕೂಡಲೇ ಒಪ್ಪಿದೆ. ಜಟಕಾದಲ್ಲಿ ಮನೆಗೆ ಬರುವಾಗ ಅವ್ವ ಒಂದೇ ಮಾತು ಹೇಳಿದಳು.

“ಹೂ ಕೇಳೂಣು.”

ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಅವ್ವನ ಜೊತೆ ವಾದ ಮಾಡಿ ಗೆದ್ದವರಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ನಾನಲ್ಲ ಎಂದು ಹೆಂಡತಿಯ ಮುಂದೆ ಹಾರಾಡಿ, ಸೋಮವಾರ ಬೆಳಿಗ್ಗೆ ಸುಮ್ಮನೆ ಅವ್ವನ ಜೊತೆ ಕುರುಗೋಡಿನ ಬಸ್ಸು ಹತ್ತಿದೆ. ಬಲಗಡೆ ಬಿದ್ದರೆ ಒಂದು ದಿನ ಹಾಳು, ಅಷ್ಟೇ ತಾನೇ ಎಂದುಕೊಂಡೆ. ಗುಡಿಯ ಮುಂದೆ ಅವ್ವ ನನ್ನನ್ನು ಕಾಯದೆ ಒಳಗೆ ಹೋದಳು. ನಾನು ಆಗಷ್ಟೇ ಕೊಂಡಿದ್ದ ಹೊಸ ಚಪ್ಪಲಿಗಳಿಗೆ ಎರಡು ಬೇರೆ ಬೇರೆ ಬಂಡೆ ಹುಡುಕುತ್ತ, ಅಲ್ಲಿ ಕೂತಿದ್ದ ಇಬ್ಬರ ಮುಖ ಸರಿಯಿಲ್ಲವೆಂದು ಮತ್ತೆ ಜಾಗ ಬದಲಿಸುತ್ತ, ಐದು ನಿಮಿಷ ತಡವಾಗಿ ಒಳಗೆ ಹೋದೆ. ಅಷ್ಟರಲ್ಲಿ ಪೂಜಾರಿ ಹೂ ಅಂಟಿಸಿ ಆಗಿತ್ತು. ನಾನು ಕೈ ಮುಗಿಯುವ ಮೊದಲೇ ಎಡಗಡೆಯ ಹೂ ಬಿತ್ತು.

ಅವ್ವ ಕಣ್ಣಿಗೊತ್ತಿಕೊಂಡು ಆ ಹೂವನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಅವಳ ಮುಖದಲ್ಲಿ ಭಯ ಇರಲಿಲ್ಲ. ನನಗೆ ಅದು ಅವತ್ತು ಭಕ್ತಿ ಅನ್ನಿಸಿತು, ಸಿಟ್ಟೂ ಬಂತು. ಎಂಟು ದಿನ ಬಿಟ್ಟು ಮತ್ತೆ ಕೇಳೋಣ ಎಂದರೆ, ಒಮ್ಮೆ ಕೇಳಿದ ಮೇಲೆ ಮುಗಿಯಿತು, ದೇವರೇನು ನಿಮ್ಮ ಆಫೀಸಿನ ಗುಮಾಸ್ತನೇ ಎಂದು ನನ್ನನ್ನೇ ಬೈದಳು.

ನನ್ನ ಅನುಮಾನ ಪೂಜಾರಿಯ ಮೇಲೆ ಹೋಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆ ಸುಮ್ಮನೆ ಹುಟ್ಟಿಲ್ಲ. ಆತ ಅವ್ವನಿಗಿಂತ ನಾಲ್ಕೈದು ವರ್ಷ ದೊಡ್ಡವನು, ಸಣಕಲ, ಮಾತು ಕಡಿಮೆ. ಹಸುಳೆಗಳಿಗೆ ದೃಷ್ಟಿ ತೆಗೆಯುತ್ತಿದ್ದ, ಬಾವು ಬಂದವರಿಗೆ ಯಾವುದೋ ಸೊಪ್ಪು ಅರೆದು ಕೊಡುತ್ತಿದ್ದ. ಸೊಪ್ಪು ಕೊಡುವವನಿಗೆ ಆಪರೇಷನ್ ಹೇಗೆ ಸೇರೀತು? ಎಡಗಡೆ ಬಿತ್ತು ಅಂದರೆ ಇವನೇ ಬೀಳಿಸಿದ್ದಾನೆ. ಹೇಗೆ ಬೀಳಿಸಿದ ಎಂಬುದನ್ನು ಹಿಡಿಯಬೇಕಿತ್ತು, ಅಷ್ಟೇ.

ಅದಕ್ಕೂ ಮೊದಲು ಬೇರೆ ದಾರಿ ನೋಡಿದೆ. ಕುರುಗೋಡಿನ ದೇವರು ಬೇಡ ಅಂದರೆ ಬೇರೆ ದೇವರು ಹೂಂ ಅನ್ನಬಾರದೇಕೆ? ಕೆಲಸದ ಮೇಲೆ ಸಿರುಗುಪ್ಪಕ್ಕೆ ಹೋಗುವಾಗ ಅವ್ವನನ್ನೂ ಕರೆದುಕೊಂಡು ಹೋದೆ. ತೆಕ್ಕಲಕೋಟೆಯಲ್ಲಿ ಇಳಿದು ಒಂದು ಗುಡಿ, ಸಿರುಗುಪ್ಪದಲ್ಲಿ ಕಾಲುವೆಯ ಹತ್ತಿರ ಇನ್ನೊಂದು, ಆಮೇಲೆ ದಾರ ಕಟ್ಟುವ ಒಂದು ದರ್ಗಾ. ಅವ್ವ ಎಲ್ಲ ಕಡೆಯೂ ಹಣೆ ಹಚ್ಚಿದಳು, ಎಲ್ಲಿಯೂ ಏನೂ ಕೇಳಲಿಲ್ಲ. ನಾನು ಕಂಬಕ್ಕೆ ಒರಗಿ ಜನರನ್ನು ನೋಡುತ್ತಿದ್ದೆ.

ಸಿರುಗುಪ್ಪದ ಗುಡಿಯಲ್ಲಿ ಒಬ್ಬ ಮಿಲ್ಲಿನ ಯಜಮಾನ ದೀಡು ನಮಸ್ಕಾರ ಹಾಕುತ್ತಿದ್ದ. ಹದಿನೈದು ದಿನದ ಹಿಂದೆಯಷ್ಟೇ ಅವನ ಕಾಟಾದಲ್ಲಿ ಮೋಸ ಹಿಡಿದಿದ್ದೆ. ಅವನು ಒದ್ದೆ ಪಂಚೆಯಲ್ಲಿ ಅಡ್ಡಬೀಳುತ್ತ, ಏಳುತ್ತ, ಕಣ್ಣಲ್ಲಿ ನೀರು ಸುರಿಸುತ್ತ ಗುಡಿಯನ್ನು ಸುತ್ತಿದ. ನಾಟಕವೋ ಎಂದು ಹತ್ತಿರ ಹೋಗಿ ನೋಡಿದೆ. ಅಳು ನಿಜವಾಗಿತ್ತು. ನನ್ನನ್ನು ಕಂಡು, ಮಗಳಿಗೆ ಹೆರಿಗೆ ಕಷ್ಟವಾಗಿದೆ ಎಂದು ತೆಲುಗಿನಲ್ಲಿ ಹೇಳಿ ಮತ್ತೆ ಅಡ್ಡಬಿದ್ದ. ಕಾಟಾದಲ್ಲಿ ಸುಳ್ಳು ಹೇಳುವವನು ಇಲ್ಲಿ ನಿಜ ಹೇಳುತ್ತಿದ್ದಾನೆಯೇ, ಅಥವಾ ಎರಡೂ ಕಡೆ ಒಂದೇ ವ್ಯಾಪಾರ ಮಾಡುತ್ತಿದ್ದಾನೆಯೇ ಎಂದು ನನಗೆ ತಿಳಿಯಲಿಲ್ಲ. ನಂಬಿಕೆಗೆ ಮುದ್ರೆ ಒತ್ತುವ ಇಲಾಖೆ ಇಲ್ಲ. ಇದ್ದಿದ್ದರೂ ನಾನು ಅದಕ್ಕೆ ಅರ್ಜಿ ಹಾಕುತ್ತಿರಲಿಲ್ಲ, ಆ ಕೆಲಸ ಬಹಳ ಕಷ್ಟದ್ದು.

ಡಾಕ್ಟರು ಹೇಳಿದ ತಿಂಗಳು ಹೀಗೆ ಗುಡಿ ಸುತ್ತುವುದರಲ್ಲೇ ಮುಗಿಯಿತು. ಎರಡನೇ ತಿಂಗಳಿನ ಒಂದು ಸೋಮವಾರ ರಜೆ ಹಾಕಿ, ಅವ್ವನಿಗೆ ಹೇಳದೆ ಕುರುಗೋಡಿಗೆ ಹೋದೆ. ಜೇಬಿನಲ್ಲಿ ಗಟ್ಟಿ ದಾರ ಮತ್ತು ನನ್ನ ಪೆಟ್ಟಿಗೆಯ ಐವತ್ತು ಗ್ರಾಮಿನ ಹಿತ್ತಾಳೆ ತೂಕ ಇತ್ತು. ಗರ್ಭಗುಡಿಯ ಬಾಗಿಲಿಗೆ ಎದುರಾಗಿ ಕೂತು, ದಾರಕ್ಕೆ ತೂಕ ಕಟ್ಟಿ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ಕಲ್ಲನ್ನು ದಾರಕ್ಕೆ ಹಿಡಿದು ನೋಡಿದೆ. ಪಕ್ಕದಲ್ಲಿ ಕೂತ ಮುದುಕಿಯೊಬ್ಬಳು ಇದು ಯಾವ ದೇವರ ಹರಕೆ ಎಂದು ಕೇಳಿದಳು. ತೂಕದ ದೇವರದ್ದು ಎಂದೆ. ಅವಳು ಕೈ ಮುಗಿದಳು.

ಕಲ್ಲು ನೆಟ್ಟಗಿರಲಿಲ್ಲ. ದೇವರ ಎಡಕ್ಕೆ ವಾಲಿತ್ತು, ಎರಡು ಬೆರಳಿನಷ್ಟು. ಎಡಮಗ್ಗುಲು ಹೊರಕ್ಕೆ ಚಾಚಿದ್ದರಿಂದ ಅಲ್ಲಿ ಅಂಟಿಸಿದ ಹೂವಿಗೆ ಕೆಳಗೆ ಆಸರೆ ಇಲ್ಲ. ಬಲಮಗ್ಗುಲು ಇಳಿಜಾರು, ಹೂ ಅದರ ಮೇಲೆ ಒರಗಿ ಕೂರುತ್ತದೆ. ಅಂದಮೇಲೆ ಇಲ್ಲಿ ಯಾರು ಏನು ಕೇಳಿದರೂ ಎಡಗಡೆಯದೇ ಮೊದಲು ಬೀಳಬೇಕು. ಆದರೆ ನಾನು ನೋಡನೋಡುತ್ತಿದ್ದಂತೆ ಒಂದು ಮದುವೆಯ ಮಾತಿಗೆ ಬಲಗಡೆ ಬಿತ್ತು, ಒಂದು ಬಾವಿ ತೋಡುವ ಮಾತಿಗೂ ಬಲಗಡೆ ಬಿತ್ತು. ನಾನು ಪೂಜಾರಿಯ ಕೈಗೆ ಕಣ್ಣು ನೆಟ್ಟೆ. ಮೂರನೆಯವರ ಹೊತ್ತಿಗೆ ಸಿಕ್ಕಿಬಿದ್ದ. ಎಡಗಡೆಯ ಹೂವಿನ ತೊಟ್ಟಿಗೆ ಹೆಬ್ಬೆರಳಿನಿಂದ ಒಂದಿಷ್ಟು ಗಂಧ ಸವರಿ ಅಂಟಿಸುತ್ತಿದ್ದ, ಬಲಗಡೆಯದಕ್ಕೆ ಬರೀ ನೀರು. ಥೇಟ್ ಹುಣಸೆಹಣ್ಣು! ನನಗೆ ಎಷ್ಟು ಸಂತೋಷವಾಯಿತೆಂದರೆ, ಯಾತಕ್ಕಾಗಿ ಬಂದಿದ್ದೇನೆ ಎಂಬುದೇ ಒಂದು ಗಳಿಗೆ ಮರೆತುಹೋಯಿತು.

ಜನ ಕರಗುವವರೆಗೆ ಕಾದೆ. ಆಮೇಲೆ ಪೂಜಾರಿಯನ್ನು ಗುಡಿಯ ಹಿಂದಿನ ಬಂಡೆಯ ನೆರಳಿಗೆ ಕರೆದು ದಾರ, ತೂಕ ಎರಡನ್ನೂ ತೋರಿಸಿದೆ. ನಿನ್ನ ಕಲ್ಲು ವಾಲಿದೆ, ನಿನ್ನ ಗಂಧ ನನಗೆ ಗೊತ್ತಾಗಿದೆ, ನನ್ನ ಅವ್ವನ ಜೀವದ ಮೇಲೆ ಆಟ ಆಡಿದ್ದೀ ಎಂದು ಬಾಯಿಗೆ ಬಂದಂತೆ ಬೈದೆ. ಅವನು ಹೆದರುತ್ತಾನೆ, ಇಲ್ಲವೇ ಶಾಪ ಹಾಕುತ್ತಾನೆ ಎಂದುಕೊಂಡಿದ್ದೆ. ಅವನು ಎರಡೂ ಮಾಡಲಿಲ್ಲ. ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ.

“ಕಲ್ಲು ವಾಲೇತಿ ಅನ್ನೋದು ನಮ್ಮ ತಾತಗೂ ಗೊತ್ತಿತ್ತು, ಸಾಹೇಬ್ರ. ಅದು ಬರೇ ಬ್ಯಾಡ ಅನ್ನೋ ಕಲ್ಲು. ಬರೇ ಬ್ಯಾಡ ಅನ್ನೋ ದೇವ್ರ ಹತ್ರ ಯಾರು ಬರ್ತಾರ? ಅದಕ ಗಂಧ. ಊರ ಹೆಂಗಸ್ರಿಗೆಲ್ಲ ಗೊತ್ತೈತಿ. ಗೊತ್ತಿಲ್ಲದಾವ ನೀನೊಬ್ಬನ ಇರಬೇಕು.”

ಹಾಗಾದರೆ ಅವತ್ತು ಅವ್ವನ ಹೂವಿಗೆ ಗಂಧ ಏಕೆ ಹಚ್ಚಲಿಲ್ಲ ಎಂದೆ. ಅವನು ನನ್ನ ಮುಖ ನೋಡಿದ. ಹೇಳಬೇಕೋ ಬೇಡವೋ ಎಂದು ಅಳೆಯುತ್ತಿದ್ದಂತಿತ್ತು.

“ನಿಮ್ಮವ್ವನ ಹೇಳಿದ್ಲು. ‘ಇವತ್ತು ಗಂಧ ಹಚ್ಚಬ್ಯಾಡ ಅಣ್ಣಾ’ ಅಂದ್ಲು. ಯಾಕಂತ ನಾನು ಕೇಳಲಿಲ್ಲ. ನೀನು ಹೊರಗ ಚಪ್ಪಲಿ ಇಡಾಕತ್ತಿದ್ದಿ.”

ಬಳ್ಳಾರಿಗೆ ಹಿಂತಿರುಗುವ ಬಸ್ಸಿನಲ್ಲಿ ನಾನು ಮೊದಲು ಅವನ ಮಾತನ್ನೇ ಅನುಮಾನಿಸಿದೆ. ಸಿಕ್ಕಿಬಿದ್ದವನು ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದು ಎಲ್ಲ ಅಂಗಡಿಯಲ್ಲೂ ನೋಡಿದ್ದೇನೆ. ಆದರೆ ಐದು ನಿಮಿಷದ ಚಪ್ಪಲಿಯ ಲೆಕ್ಕ ಸರಿಯಾಗಿತ್ತು. ಅವ್ವನ ಮುಖದಲ್ಲಿ ಭಯ ಇರದಿದ್ದ ಲೆಕ್ಕವೂ ಅದಕ್ಕೆ ಕೂಡಿಕೊಂಡಿತು. ಆಸ್ಪತ್ರೆಯಿಂದ ಹೊರಬಂದಾಗಿನ ಆ ಬಿಗಿದ ಸೆರಗು ಕಣ್ಣ ಮುಂದೆ ಬಂತು. ನಾಚಿಕೆಯಾಯಿತು. ಯಾವುದಕ್ಕೆ ಎಂದು ಇನ್ನೂ ಪೂರ್ತಿ ಗೊತ್ತಿರಲಿಲ್ಲ.

ಸಂಜೆ ಮನೆಯಲ್ಲಿ ಅವ್ವ ಹಿತ್ತಲಿನ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ಎದುರು ಕೂತೆ. ಕುರುಗೋಡಿಗೆ ಹೋಗಿದ್ದೆ ಎಂದೆ. ಅವಳ ಕೈ ಮೊರದಲ್ಲೇ ನಿಂತಿತು. ಗಂಧ ಹಚ್ಚಬೇಡ ಎಂದು ಏಕೆ ಹೇಳಿದೆ ಎಂದು ಕೇಳಿದೆ. ನನ್ನ ದನಿ ಇನ್‌ಸ್ಪೆಕ್ಟರನದೇ ಇದ್ದಿರಬೇಕು, ಅವಳು ಗೋಡೆಯ ಕಡೆ ತಿರುಗಿದಳು. ನನ್ನ ಜೀವನದಲ್ಲಿ ಅಷ್ಟು ಹೊತ್ತು ಏನನ್ನೂ ಕೇಳದೆ ಕೂತದ್ದು ಅದೇ ಮೊದಲು.

“ಅವತ್ತು ಕಲಿಯೋ ಹುಡುಗ್ರು ಐದಾರು ಮಂದಿ ಮಂಚದ ಸುತ್ತ ನಿಂತಿದ್ರು,” ಎಂದಳು ಗೋಡೆಗೆ. “ಸೆರಗು ಸರಸು ಅಂದ್ರು. ಒಬ್ಬೊಬ್ರ ಬಂದು ಮುಟ್ಟಿ ನೋಡಿದ್ರು. ನಿಮ್ಮಪ್ಪನ ಮುಂದನೂ ನಾನು ಹಂಗ ಮಲಗಿದಾಕಿ ಅಲ್ಲ. ಮತ್ತ ಅಲ್ಲಿಗೆ ಹೋಗೋದ್ಕಿಂತ ಸಾಯೋದು ಛಲೋ ಅನಸ್ತು. ಇದನ್ನ ಮಗಗ ಹೆಂಗ ಹೇಳ್ಲಿ? ದೇವ್ರಿಗೆ ಹೇಳಿದೆ.”

ನನಗೆ ಅಳು ಬಂತು. ಮಿಲ್ಲಿನ ಯಜಮಾನ ಅತ್ತಾಗ ಹತ್ತಿರ ಹೋಗಿ ಪರೀಕ್ಷಿಸಿದ್ದ ನಾನು, ಅವ್ವ ನೋಡಿಬಿಟ್ಟಾಳೆಂದು ಮೊರದ ಅಕ್ಕಿಯಲ್ಲಿ ಕಲ್ಲು ಹುಡುಕುವವನಂತೆ ತಲೆ ತಗ್ಗಿಸಿದೆ. ಡಾಕ್ಟರನ್ನು, ಪೂಜಾರಿಯನ್ನು, ಕಲ್ಲನ್ನು, ಗಂಧವನ್ನು, ಎಲ್ಲವನ್ನೂ ಶೋಧಿಸಿದ್ದೆ. ಅವ್ವಾ, ನಿನಗೆ ಹೋಗಲು ಮನಸ್ಸಿದೆಯೇ ಎಂಬ ಒಂದು ಮಾತು ಕೇಳಿರಲಿಲ್ಲ. ಕೇಳಿದ್ದರೆ ಅಂದೇ ಹೇಳುತ್ತಿದ್ದಳೋ ಇಲ್ಲವೋ, ಅದೂ ಈಗ ಗೊತ್ತಿಲ್ಲ.

ಹೆಣ್ಣು ಡಾಕ್ಟರನ್ನು ಹುಡುಕಲು ಇನ್ನೂ ಮೂರು ವಾರ ಬೇಕಾಯಿತು. ಪರೀಕ್ಷೆಯ ಕೋಣೆಗೆ ನನ್ನ ಹೆಂಡತಿಯ ಹೊರತು ಯಾರೂ ಬರಬಾರದು ಎಂದು ಮೊದಲೇ ಮಾತಾಡಿಕೊಂಡೆವು. ಅಷ್ಟಾದರೂ ಅವ್ವ ಹೂ ಕೇಳದೆ ಹೊರಡಲಿಲ್ಲ. ಒಮ್ಮೆ ಕೇಳಿದ ಮೇಲೆ ಮುಗಿಯಿತು ಅಂದಿದ್ದೆಯಲ್ಲ ಎಂದು ನಾನು ಕೆಣಕಿದರೆ, ಇದು ಬೇರೆ ಡಾಕ್ಟರು, ಬೇರೆ ಪ್ರಶ್ನೆ ಎಂದಳು. ಆ ಸಲ ನಾನು ಚಪ್ಪಲಿಯನ್ನು ಜೋಡಿಯಾಗಿಯೇ ಬಿಟ್ಟು ಅವಳ ಹಿಂದೆಯೇ ಒಳಗೆ ಹೋದೆ. ಪೂಜಾರಿ ಅವ್ವನ ಮುಖ ನೋಡಿದ. ಅವ್ವ ತಲೆ ಆಡಿಸಿದಳು. ಅವನು ಎಡಗಡೆಯ ಹೂವಿಗೆ ಧಾರಾಳವಾಗಿ ಗಂಧ ಮೆತ್ತಿದ, ನನ್ನ ಕಣ್ಣೆದುರಿಗೇ, ಯಾವ ಮುಚ್ಚುಮರೆ ಇಲ್ಲದೆ. ಬಲಗಡೆಯ ಹೂ ಬಹಳ ಹೊತ್ತಿನವರೆಗೂ ಬೀಳಲಿಲ್ಲ. ಎಲ್ಲ ಗೊತ್ತಿದ್ದೂ ನಾನು ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ. ಬಿದ್ದಾಗ ನಾನು ಕೈ ಮುಗಿದಿದ್ದೆ.

ಆಪರೇಷನ್ ಆಯಿತು. ಆಮೇಲೆ ಅವ್ವ ನಾಲ್ಕು ವರ್ಷ ಬದುಕಿದಳು. ಇನ್ನೆರಡು ತಿಂಗಳು ಮೊದಲೇ ಬಂದಿದ್ದರೆ ಚೆನ್ನಾಗಿತ್ತು ಎಂದು ಆ ಹೆಣ್ಣು ಡಾಕ್ಟರು ಒಮ್ಮೆ ಹೇಳಿದ್ದರು, ಎರಡನೇ ಸಲ ಹೇಳಲಿಲ್ಲ. ಆ ಎರಡು ತಿಂಗಳನ್ನು ಯಾರು ತಿಂದರು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ವಾಲಿದ ಕಲ್ಲೇ, ಮಾತು ಕೇಳಿದ ಪೂಜಾರಿಯೇ, ನಾಚಿಕೆಯೇ? ಅಥವಾ ಮನೆಯಲ್ಲಿದ್ದ ಅವ್ವನನ್ನು ಬಿಟ್ಟು ಮೂರೂರಿನ ದೇವರುಗಳನ್ನು ವಿಚಾರಿಸುತ್ತಿದ್ದ ನಾನೇ? ಸಂಶಯಕ್ಕೆ ಕೊನೆಗೆ ಒಂದೇ ಮುಖ ಉಳಿಯುತ್ತದೆ. ಕ್ಷೌರದ ಕನ್ನಡಿಯಲ್ಲಿ ಅದು ದಿನವೂ ಕಾಣುತ್ತದೆ.

ಎಂಬತ್ತರ ದಶಕದಲ್ಲಿ ನನ್ನ ಮಗಳಿಗೆ ಒಂದು ಸಂಬಂಧ ಬಂತು. ಹುಡುಗನನ್ನು ನಾನೇ ಮೂರು ಕಡೆ ವಿಚಾರಿಸಿ, ಅವನ ಆಫೀಸಿನವರನ್ನೂ ಬಿಡದೆ ಕೇಳಿ, ತಟ್ಟೆಯ ತಳ ಸವರುವ ಹಾಗೆ ಸವರಿ ಒಪ್ಪಿದ್ದೆ. ಹೆಂಡತಿಗೂ ಒಪ್ಪಿಗೆಯಾಗಿತ್ತು. ಮಗಳು ಕಾಲೇಜು ಮುಗಿಸಿದವಳು, ಗುಡಿಗೆ ಕರೆದರೆ ತಲೆನೋವು ಅನ್ನುವವಳು. ಹುಡುಗನ ಕಡೆಯವರಿಗೆ ಮಾತು ಕೊಡುವ ಹಿಂದಿನ ದಿನ, ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತ, ತಲೆ ಎತ್ತದೆ ಹೇಳಿದಳು.

“ಕುರುಗೋಡಿಗೆ ಹೋಗಿ ಹೂ ಕೇಳೂಣಪಾ.”

ಹೆಂಡತಿಗೆ ಖುಷಿಯಾಯಿತು, ಅಜ್ಜಿಯ ಬುದ್ಧಿ ಬಂತು ಎಂದಳು. ನಾನು ತಟ್ಟೆ ಸರಿಸಿ, ಕೈ ತೊಳೆದುಕೊಂಡು ಬಂದು ಮಗಳ ಪಕ್ಕದಲ್ಲಿ ಕೂತೆ.

“ಹೋಗೂಣಂತ,” ಎಂದೆ. “ಯಾವ ಕಡೆ ಬೀಳಬೇಕು ಅದು? ಮದ್ಲು ನನಗ ಹೇಳು.”

ಅವಳು ಅಮ್ಮನ ಕಡೆ ನೋಡಿದಳು, ಆಮೇಲೆ ನನ್ನ ಕಡೆ. ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಹಾಕಿದಳು.

“ಎಡಕ,” ಎಂದಳು.